ಇಟ್ಟಿಗೆ ಮತ್ತು ಮುರಕಲ್ಲಿನ ಕಮಾನು: ಕಟ್ಟುವ ಕ್ರಮ, ಲೆಕ್ಕ ಮತ್ತು ವ್ಯವಹಾರ

ಕಾಪು ಕಡಲತೀರದ ಬಂಡೆಯ ಮೇಲೆ 1901ರಲ್ಲಿ ನಿರ್ಮಾಣಗೊಂಡ ದೀಪಸ್ತಂಭವು ಸುಮಾರು 27 ಮೀಟರ್ ಎತ್ತರದ ಕಲ್ಲುಗಾರೆಯ ಗೋಪುರ. ನೂರಕ್ಕೂ ಹೆಚ್ಚು ಮಳೆಗಾಲಗಳನ್ನೂ ಉಪ್ಪುಗಾಳಿಯನ್ನೂ ಎದುರಿಸಿ ಅದು ಇಂದಿಗೂ ನಿಂತಿದೆ. ಇದರಲ್ಲಿ ಕಾಲಕಾಲದ ನಿರ್ವಹಣೆಯ ಪಾಲು ಇದೆಯೆಂಬುದು ನಿಜ. ಆದರೆ ಅದೇ ತೀರದ ಉದ್ದಕ್ಕೂ ಇತ್ತೀಚಿನ ದಶಕಗಳಲ್ಲಿ ಕಟ್ಟಿದ ಅನೇಕ ಮನೆಗಳ ಕಿಟಕಿ ಬಾಗಿಲುಗಳ ಮೇಲೆ ಬೇರೊಂದು ದೃಶ್ಯ ಕಾಣಸಿಗುತ್ತದೆ. ಲಿಂಟಲ್‌ನ ಅಡಿಭಾಗದಲ್ಲಿ ಮೊದಲು ಕಂದು ಕಲೆ, ನಂತರ ಉದ್ದಕ್ಕೆ ಒಂದು ಬಿರುಕು, ಕೊನೆಗೆ ಉದುರಿದ ಕಾಂಕ್ರೀಟು ಮತ್ತು ಹೊರಗೆ ಕಾಣುವ ತುಕ್ಕು ಹಿಡಿದ ಸರಳು. ಈ ಹಿನ್ನೆಲೆಯಲ್ಲಿ ಉಕ್ಕಿನ ಅವಲಂಬನೆಯಿಲ್ಲದೆ ತೆರಪುಗಳನ್ನು ದಾಟುವ ಹಳೆಯ ವಿಧಾನವಾದ ಕಮಾನನ್ನು ಮತ್ತೊಮ್ಮೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ಉಚಿತ. ಇಟ್ಟಿಗೆ, ಮುರಕಲ್ಲು, ಸುಣ್ಣ, ಮರಗೆಲಸ, ಸೆಂಟ್ರಿಂಗ್ ಬಾಡಿಗೆ ಮುಂತಾದ ವ್ಯವಹಾರಗಳಲ್ಲಿ ತೊಡಗಿರುವವರಿಗೆ ಇದರಲ್ಲಿ ಅವಕಾಶವಿದೆ. ತಪ್ಪಾಗಿ ಕಟ್ಟಿದರೆ ಅಪಾಯವೂ ಇದೆ. ಎರಡನ್ನೂ ಅರಿತು ಮುಂದುವರಿಯಲು ನೆರವಾಗುವುದು ಈ ಲೇಖನದ ಉದ್ದೇಶ.

ಉಪ್ಪುಗಾಳಿ ಮತ್ತು ಲಿಂಟಲ್

ಒಳ್ಳೆಯ ಕಾಂಕ್ರೀಟಿನೊಳಗಿನ ಸರಳಿನ ಮೇಲೆ ಒಂದು ತೆಳುವಾದ ರಕ್ಷಣಾ ಪದರವಿರುತ್ತದೆ. ಸಮುದ್ರದ ಗಾಳಿಯಲ್ಲಿ, ಉಪ್ಪುನೀರಿನಲ್ಲಿ ಅಥವಾ ತೊಳೆಯದ ಕಡಲತೀರದ ಮರಳಿನಲ್ಲಿ ಬರುವ ಕ್ಲೋರೈಡ್ ಆ ಪದರವನ್ನು ಭೇದಿಸುತ್ತದೆ. ಅನಂತರ ಹುಟ್ಟುವ ತುಕ್ಕು ಮೂಲ ಉಕ್ಕಿಗಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಭಾರತೀಯ ಮಾನಕ ಐ.ಎಸ್. 456:2000ರ ಪ್ರಕಾರ ಕರಾವಳಿಯ ವಾತಾವರಣಕ್ಕೆ ನೇರವಾಗಿ ಒಡ್ಡಿಕೊಂಡ ಪ್ರಬಲಿತ ಕಾಂಕ್ರೀಟು ಕನಿಷ್ಠ ಎಂ-30 ದರ್ಜೆಯದಾಗಿರಬೇಕು. ಸರಳಿನ ಮೇಲೆ 45 ಮಿ.ಮೀ. ಹೊದಿಕೆ ಇರಬೇಕು. ಸಣ್ಣ ಮನೆಗಳ ಲಿಂಟಲನ್ನು ಕೈಯಿಂದ ಕಲಸಿ, ಹದಿನೈದು ಸೆಂ.ಮೀ. ಎತ್ತರದಲ್ಲಿ ಎರಕ ಹೊಯ್ಯುವಾಗ ಈ ಎರಡು ನಿಯಮಗಳನ್ನೂ ಪಾಲಿಸುವುದು ಎಷ್ಟು ಕಷ್ಟವೆಂಬುದು ಗುತ್ತಿಗೆದಾರರಿಗೆ ತಿಳಿದಿರುವ ಸಂಗತಿಯೇ.

ಕಮಾನಿನಲ್ಲಿ ತುಕ್ಕು ಹಿಡಿಯುವ ವಸ್ತುವೇ ಇಲ್ಲ. ಅದರ ಮುಖ್ಯ ಲಾಭ ಇದೇ. ಅಂದವು ಎರಡನೆಯ ಲಾಭ.

ತೊಲೆ ಬೇರೆ, ಕಮಾನು ಬೇರೆ

ಕಾರ್ಕಳದ ಚತುರ್ಮುಖ ಬಸದಿಯು 1586ರಲ್ಲಿ ಪೂರ್ಣವಾಗಿ ಕರಿಕಲ್ಲಿನಲ್ಲಿ ನಿರ್ಮಿತವಾದುದು. ಅಲ್ಲಿ ಕಂಬದಿಂದ ಕಂಬಕ್ಕೆ ಅಡ್ಡವಾಗಿ ಇರಿಸಿದ ಕಲ್ಲುಗಳೇ ಭಾರ ಹೊರುತ್ತವೆ. ಹಾಗೆ ಅಡ್ಡಲಾಗಿ ಮಲಗಿದ ಕಲ್ಲು ಭಾರ ಬಿದ್ದಾಗ ಅತಿ ಸ್ವಲ್ಪವಾದರೂ ಬಾಗುತ್ತದೆ. ಆಗ ಅದರ ಮೇಲ್ಭಾಗ ಒತ್ತಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಕಲ್ಲು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ತಡೆಯುವುದು ಕಡಿಮೆ. ಆದ್ದರಿಂದಲೇ ಅಂತಹ ಕಟ್ಟಡಗಳಲ್ಲಿ ಕಂಬಗಳು ಹತ್ತಿರ ಹತ್ತಿರ ನಿಂತಿವೆ. ಕಾಂಕ್ರೀಟ್ ಲಿಂಟಲ್‌ನ ಕೆಳಭಾಗಕ್ಕೆ ಸರಳು ಹಾಕುವುದೂ ಈ ಎಳೆತವನ್ನು ತಡೆಯುವುದಕ್ಕಾಗಿಯೇ.

ಇದಕ್ಕೆ ವಿರುದ್ಧವಾದ ಮಾರ್ಗವನ್ನು ವಿಜಯಪುರದ ಗೋಳಗುಮ್ಮಟದಲ್ಲಿ ಕಾಣಬಹುದು. ಹದಿನೇಳನೆಯ ಶತಮಾನದ ಆ ಕಟ್ಟಡದಲ್ಲಿ ಸುಮಾರು 44 ಮೀಟರ್ ಹೊರವ್ಯಾಸದ ಇಟ್ಟಿಗೆ ಸುಣ್ಣದ ಗುಮ್ಮಟವನ್ನು ಒಂದನ್ನೊಂದು ಛೇದಿಸುವ ಕಮಾನುಗಳು ಹೊತ್ತಿವೆ. ಅಲ್ಲಿ ಕೈಯಲ್ಲಿ ಎತ್ತಬಹುದಾದ ಸಣ್ಣ ಇಟ್ಟಿಗೆಗಳೇ ಅಷ್ಟು ದೊಡ್ಡ ತೆರಪನ್ನು ದಾಟಿವೆ. ಪ್ರತಿಯೊಂದು ಇಟ್ಟಿಗೆಯೂ ತನ್ನ ನೆರೆಯ ಇಟ್ಟಿಗೆಯನ್ನು ಒತ್ತುವುದರಿಂದ ಇದು ಸಾಧ್ಯವಾಯಿತು.

ಈ ತತ್ತ್ವವನ್ನು ಅರಿಯಲು ಬಾಗಿಲಿಗೆ ಕಟ್ಟುವ ತೋರಣವೇ ಸಾಕು. ಎರಡು ಮೊಳೆಗಳ ನಡುವೆ ಸಡಿಲವಾಗಿ ತೂಗಿಬಿಟ್ಟ ತೋರಣದ ದಾರದಲ್ಲಿ ಎಳೆತ ಮಾತ್ರ ಇರುತ್ತದೆ. ಅದೇ ಆಕಾರವನ್ನು ತಲೆಕೆಳಗು ಮಾಡಿ ಇಟ್ಟಿಗೆಯಲ್ಲಿ ಕಟ್ಟಿದರೆ ಅದರಲ್ಲಿ ಒತ್ತಡ ಮಾತ್ರ ಉಳಿಯುತ್ತದೆ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1670ರ ದಶಕದಲ್ಲಿ ತೂಗುವ ಸರಪಳಿಯ ಉದಾಹರಣೆಯಿಂದ ಇದನ್ನೇ ಸೂಚಿಸಿದನು. ತೋರಣದ ತುದಿಗಳು ಮೊಳೆಗಳನ್ನು ಒಳಮುಖವಾಗಿ ಎಳೆಯುವಂತೆಯೇ ಕಮಾನಿನ ತುದಿಗಳು ಗೋಡೆಯನ್ನು ಹೊರಮುಖವಾಗಿ ತಳ್ಳುತ್ತವೆ. ತೋರಣವನ್ನು ಬಿಗಿಯಾಗಿ ಕಟ್ಟಿದಷ್ಟೂ ಮೊಳೆಯ ಮೇಲಿನ ಎಳೆತ ಹೆಚ್ಚುತ್ತದೆ. ಕಮಾನು ಚಪ್ಪಟೆಯಾದಷ್ಟೂ ಗೋಡೆಯ ಮೇಲಿನ ತಳ್ಳು ಹೆಚ್ಚುತ್ತದೆ. ಕಮಾನಿನ ಬಗ್ಗೆ ಮುಖ್ಯವಾಗಿ ನೆನಪಿಡಬೇಕಾದ ಮಾತು ಇದೇ.

ತಳ್ಳಿನ ಲೆಕ್ಕ

ಕಿಟಕಿಯ ಅಗಲ 120 ಸೆಂ.ಮೀ., ಕಮಾನಿನ ಏರು (ಅಂದರೆ ಪಾದದ ಮಟ್ಟದಿಂದ ನೆತ್ತಿಯ ಅಡಿಭಾಗದವರೆಗಿನ ಎತ್ತರ) 20 ಸೆಂ.ಮೀ. ಎಂದು ಇಟ್ಟುಕೊಳ್ಳೋಣ. ಮೇಲೆ 20 ಸೆಂ.ಮೀ. ದಪ್ಪದ ಗೋಡೆ ಒಂದು ಮೀಟರ್ ಎತ್ತರಕ್ಕೆ ಇದ್ದರೆ, ಘನ ಮೀಟರಿಗೆ 2000 ಕೆ.ಜಿ.ಯಂತೆ, ಮೀಟರ್ ಉದ್ದಕ್ಕೆ 400 ಕೆ.ಜಿ. ಭಾರ ಬರುತ್ತದೆ. ಒಟ್ಟು ಭಾರ 480 ಕೆ.ಜಿ.; ಎರಡೂ ಪಾದಗಳಿಗೆ ತಲಾ 240 ಕೆ.ಜಿ. ಕೆಳಮುಖ ಭಾರ.

ಹೊರಮುಖ ತಳ್ಳನ್ನು ತಿಳಿಯಲು ಮೀಟರಿನ ಭಾರವನ್ನು ಅಗಲದ ವರ್ಗದಿಂದ ಗುಣಿಸಿ, ಏರಿನ ಎಂಟರಷ್ಟರಿಂದ ಭಾಗಿಸಬೇಕು. ಇಲ್ಲಿ 400 × 1.2 × 1.2 ÷ (8 × 0.2) = 360 ಕೆ.ಜಿ. ಏರನ್ನು 10 ಸೆಂ.ಮೀ.ಗೆ ಇಳಿಸಿದರೆ ತಳ್ಳು ಇಮ್ಮಡಿಯಾಗಿ 720 ಕೆ.ಜಿ.ಗೆ ಏರುತ್ತದೆ.

19 ಸೆಂ.ಮೀ. ಆಳ, 19 ಸೆಂ.ಮೀ. ಅಗಲದ ಇಟ್ಟಿಗೆ ಕಮಾನಿಗೆ 361 ಚದರ ಸೆಂ.ಮೀ. ಅಡ್ಡಕೊಯ್ತವಿದೆ. ಅದರ ಮೇಲೆ 360 ಕೆ.ಜಿ. ಎಂದರೆ ಚದರ ಸೆಂ.ಮೀ.ಗೆ ಕೇವಲ ಒಂದು ಕೆ.ಜಿ. ಒತ್ತಡ. ಐ.ಎಸ್. 1077ರ ಅತಿ ಕೆಳದರ್ಜೆಯ ಇಟ್ಟಿಗೆಯೂ ಚದರ ಸೆಂ.ಮೀ.ಗೆ ಸುಮಾರು 35 ಕೆ.ಜಿ. ತಡೆಯಬೇಕು. ಹಾಗಾಗಿ ಸಾಮಾನ್ಯ ಕಿಟಕಿಯ ಕಮಾನು ಇಟ್ಟಿಗೆ ಪುಡಿಯಾಗಿ ಬೀಳುವುದಿಲ್ಲ. ಪಕ್ಕದ ಗೋಡೆ ಸರಿದಾಗ ಬೀಳುತ್ತದೆ. ಪರಿಶೀಲಿಸಬೇಕಾದುದು ಪಕ್ಕದ ಗೋಡೆಯನ್ನು.

ಮೇಲಿನ ಕಿಟಕಿಯು ಮನೆಯ ಮೂಲೆಯ ಬಳಿ ಇದೆಯೆಂದು ಭಾವಿಸಿದರೆ ಲೆಕ್ಕ ಹೀಗಾಗುತ್ತದೆ. ಕಿಟಕಿಯ ತಳದಿಂದ ಕಮಾನಿನ ಪಾದಕ್ಕೆ 1.2 ಮೀಟರ್ ಎತ್ತರವಿದ್ದರೆ ಪಕ್ಕದ ಗೋಡೆಯನ್ನು ಉರುಳಿಸುವ ಪ್ರಯತ್ನ 360 × 1.2 = 432 ಕೆ.ಜಿ.-ಮೀಟರ್. ಗೋಡೆಯ ಸ್ವಂತ ಭಾರ ಮತ್ತು ಕಮಾನಿನ ಕೆಳಮುಖ ಭಾರ ಸೇರಿ ಇದನ್ನು ತಡೆಯುವ ಶಕ್ತಿ, ಗೋಡೆಯ ಅಗಲಕ್ಕೆ ತಕ್ಕಂತೆ, ಹೀಗಿದೆ:

ಮೂಲೆಗೆ 60 ಸೆಂ.ಮೀ. ಗೋಡೆ ಇದ್ದರೆ – ಸುಮಾರು 302. ಸಾಲದು.
ಮೂಲೆಗೆ 90 ಸೆಂ.ಮೀ. ಗೋಡೆ ಇದ್ದರೆ – ಸುಮಾರು 572. ನಿಲ್ಲುತ್ತದೆ, ಆದರೆ ಮೀಸಲು ಕಡಿಮೆ.
ಮೂಲೆಗೆ 120 ಸೆಂ.ಮೀ. ಗೋಡೆ ಇದ್ದರೆ – ಸುಮಾರು 922. ಉರುಳಿಸುವ ಪ್ರಯತ್ನದ ಎರಡರಷ್ಟಕ್ಕಿಂತ ಹೆಚ್ಚು.

ಅಡ್ಡಗೋಡೆಯ ಬೆಂಬಲ, ಮಾಡಿನ ಭಾರ ಇತ್ಯಾದಿಗಳನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಅವು ಇದ್ದರೆ ಅಷ್ಟು ಅನುಕೂಲ. ಆದರೂ ಮೂಲೆಗೆ ಕನಿಷ್ಠ ಕಿಟಕಿಯ ಅಗಲದಷ್ಟಾದರೂ ಗೋಡೆ ಬಿಡುವುದು ಕ್ಷೇಮ. ಸಾಲಾಗಿ ಒಂದೇ ಅಳತೆಯ ಕಮಾನುಗಳಿದ್ದಲ್ಲಿ ನಡುವಿನ ಕಂಬಗಳ ಮೇಲೆ ಎರಡೂ ಕಡೆಯ ತಳ್ಳು ಪರಸ್ಪರ ರದ್ದಾಗುತ್ತದೆ. ಉಳಿಯುವುದು ಸಾಲಿನ ಎರಡು ತುದಿಗಳ ಚಿಂತೆ ಮಾತ್ರ.

ಆರರಲ್ಲಿ ಒಂದು ಪಾಲು

ಸಣ್ಣ ಉದ್ದಿಮೆಯ ದೃಷ್ಟಿಯಿಂದ ಕಮಾನಿಗೆ ಒಂದೇ ಪ್ರಮಾಣವನ್ನು ಆರಿಸಿಕೊಳ್ಳುವುದು ಲಾಭಕರ. ಏರು ಯಾವಾಗಲೂ ಅಗಲದ ಆರರಲ್ಲಿ ಒಂದು ಪಾಲು ಎಂದು ಇಟ್ಟುಕೊಂಡರೆ ಹಲವು ಲೆಕ್ಕಗಳು ಬಾಯಿಲೆಕ್ಕಗಳಾಗುತ್ತವೆ. ಕಮಾನಿನ ತ್ರಿಜ್ಯ ಅಗಲದ ಆರರಲ್ಲಿ ಐದು ಪಾಲಾಗುತ್ತದೆ. ವೃತ್ತದ ಕೇಂದ್ರ ಪಾದದ ಮಟ್ಟದಿಂದ ಅಗಲದ ಮೂರರಲ್ಲಿ ಎರಡು ಪಾಲು ಕೆಳಗೆ ಬರುತ್ತದೆ. ಹೊರಮುಖ ತಳ್ಳು ಮೇಲಿನ ಒಟ್ಟು ಭಾರದ ಮುಕ್ಕಾಲು ಪಾಲಾಗುತ್ತದೆ.

90 ಸೆಂ.ಮೀ. ಅಗಲ – ಏರು 15, ತ್ರಿಜ್ಯ 75, ಕೇಂದ್ರ 60 ಸೆಂ.ಮೀ. ಕೆಳಗೆ.
120 ಸೆಂ.ಮೀ. ಅಗಲ – ಏರು 20, ತ್ರಿಜ್ಯ 100, ಕೇಂದ್ರ 80 ಸೆಂ.ಮೀ. ಕೆಳಗೆ.
150 ಸೆಂ.ಮೀ. ಅಗಲ – ಏರು 25, ತ್ರಿಜ್ಯ 125, ಕೇಂದ್ರ 100 ಸೆಂ.ಮೀ. ಕೆಳಗೆ.

ಅರ್ಧ ಅಗಲ, ಕೇಂದ್ರದ ಆಳ ಮತ್ತು ತ್ರಿಜ್ಯ ಈ ಮೂರೂ ಸೇರಿ ಮೇಸ್ತ್ರಿಗಳು ಮೂಲೆಮಟ್ಟ ನೋಡಲು ಬಳಸುವ 3-4-5ರ ತ್ರಿಕೋನವೇ ಆಗುತ್ತದೆ. ಆದ್ದರಿಂದ ಕಮಾನು ಕುಳಿತುಕೊಳ್ಳುವ ಪಾದಗಲ್ಲಿನ ಓರೆ ಎಲ್ಲ ಅಗಲಗಳಿಗೂ ಒಂದೇ. ಒಂದೇ ಬಗೆಯಲ್ಲಿ ಕೊಯ್ದ ಪಾದಗಲ್ಲನ್ನು ಮೂರೂ ಅಳತೆಯ ಕಿಟಕಿಗಳಿಗೆ ಮಾರಬಹುದು. ಹಲವು ಅಳತೆಗಳ ದಾಸ್ತಾನು ಇಟ್ಟುಕೊಳ್ಳಬೇಕಾದ ಹೊರೆ ಇದರಿಂದ ಇಳಿಯುತ್ತದೆ.

ಸಾಮಗ್ರಿಯ ಆಯ್ಕೆ

ಇಟ್ಟಿಗೆ: ಸಾಧಾರಣ ಇಟ್ಟಿಗೆಯ ಎರಡೂ ಮುಖಗಳು ಸಮಾನಾಂತರ. 19 ಸೆಂ.ಮೀ. ಆಳದ ಕಮಾನಿನಲ್ಲಿ ಅದನ್ನು ನಿಲ್ಲಿಸಿ ಜೋಡಿಸಿದರೆ ಕೆಳಗಿನ ಸಂದು ಒಂದು ಸೆಂ.ಮೀ. ಇರುವಲ್ಲಿ ಮೇಲಿನ ಸಂದು ಮೂರು ಸೆಂ.ಮೀ. ಸಮೀಪಿಸುತ್ತದೆ. ಅಷ್ಟು ದಪ್ಪದ ಗಾರೆ ಒಣಗುವಾಗ ಕುಗ್ಗಿ ಕಮಾನನ್ನು ಸಡಿಲಗೊಳಿಸುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಒಂಬತ್ತು ಸೆಂ.ಮೀ. ಆಳದ ಎರಡು ಸುತ್ತುಗಳಲ್ಲಿ ಕಮಾನು ಕಟ್ಟುವುದು ಒಂದು. ಬೆಣೆಯಾಕಾರದ ಇಟ್ಟಿಗೆ ಬಳಸುವುದು ಇನ್ನೊಂದು. ಮೇಲೆ 9 ಸೆಂ.ಮೀ., ಕೆಳಗೆ 7.4 ಸೆಂ.ಮೀ. ದಪ್ಪ, 19 ಸೆಂ.ಮೀ. ಆಳದ ಒಂದೇ ಬಗೆಯ ಬೆಣೆಯಿಟ್ಟಿಗೆ ಮೇಲೆ ಹೇಳಿದ ಮೂರೂ ಅಳತೆಗಳಿಗೆ ಹೊಂದುತ್ತದೆ. 90 ಸೆಂ.ಮೀ. ಕಮಾನಿಗೆ 12 ಸಾಲು, 120ಕ್ಕೆ 15 ಸಾಲು, 150ಕ್ಕೆ 19 ಸಾಲು. ಸಂದುಗಳು ಸುಮಾರು 6 ಮಿ.ಮೀ.ನಿಂದ 12 ಮಿ.ಮೀ. ಒಳಗೇ ಉಳಿಯುತ್ತವೆ. ಹನ್ನೆರಡು ಸಾಲಿನಲ್ಲಿ ನೆತ್ತಿಗೆ ಇಟ್ಟಿಗೆಯ ಬದಲು ಸಂದು ಬೀಳುತ್ತದೆ. ಬಲಕ್ಕೆ ಅದರಿಂದ ಕೊರತೆಯಿಲ್ಲ. ಗೋಡೆಯ ದಪ್ಪಕ್ಕೆ ಸಾಲಿಗೆ ಎರಡು ಇಟ್ಟಿಗೆಯಂತೆ ಕ್ರಮವಾಗಿ 24, 30 ಮತ್ತು 38 ಇಟ್ಟಿಗೆ ಬೇಕು.

ಮುರಕಲ್ಲು: ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಶಬ್ದದಿಂದ ಬಂದ ಹೆಸರದು. ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವುದು ಇದರ ಗುಣ. ಆದುದರಿಂದ ಕಮಾನಿಗೆ ಬೇಕಾದ ಬೆಣೆಗಲ್ಲುಗಳನ್ನು ಕ್ವಾರಿಯಲ್ಲಿಯೇ ಹಸಿಯಾಗಿರುವಾಗ ಕೊಯ್ದು, ನಂತರ ಒಣಗಲು ಬಿಡುವುದು ಲಾಭ. 120 ಸೆಂ.ಮೀ. ಕಮಾನಿಗೆ ಏಳು ಕಲ್ಲು ಸಾಕು. ಪ್ರತಿಯೊಂದೂ 19 ಸೆಂ.ಮೀ. ಆಳ, ಕೆಳಗೆ 17.2 ಮತ್ತು ಮೇಲೆ 20.7 ಸೆಂ.ಮೀ. ದಪ್ಪ. ಐ.ಎಸ್. 3620ರಂತೆ ಮುರಕಲ್ಲಿನ ಒತ್ತುಬಲ ಚದರ ಮಿ.ಮೀ.ಗೆ 3.5 ನ್ಯೂಟನ್‌ಗಿಂತ ಕಡಿಮೆ ಇರಬಾರದು, ನೀರು ಹೀರುವಿಕೆ ಶೇಕಡಾ 12 ಮೀರಬಾರದು. ಜೇಡಿ ತುಂಬಿದ ದೊಡ್ಡ ತೂತುಗಳಿರುವ ಕಲ್ಲನ್ನು ಗೋಡೆಗೆ ಬಳಸಿದರೂ ಕಮಾನಿಗೆ ಬಳಸಬಾರದು.

ಗಾರೆ: ಸಿಮೆಂಟ್, ಸುಣ್ಣ, ಮರಳು 1:1:6ರ ಮಿಶ್ರಣ ಕಮಾನಿಗೆ ಒಪ್ಪುತ್ತದೆ. ಸುಣ್ಣ ಸೇರಿದ ಗಾರೆ ಕೆಲಸಕ್ಕೆ ಮೃದು. ಸಣ್ಣಪುಟ್ಟ ಚಲನೆಯನ್ನು ಬಿರುಕಿಲ್ಲದೆ ತಾಳಿಕೊಳ್ಳುತ್ತದೆ. ಕರಾವಳಿಯಲ್ಲಿ ಹಿಂದಿನಿಂದ ಬಳಕೆಯಲ್ಲಿದ್ದ ಚಿಪ್ಪಿನ ಸುಣ್ಣವನ್ನು ಚೆನ್ನಾಗಿ ಅರಳಿಸಿ, ಸೋಸಿ ಬಳಸಬಹುದು. ಕಡಲತೀರದ ಮರಳು ಮಾತ್ರ ಬೇಡ. ಕಮಾನಿನಲ್ಲಿ ಉಕ್ಕಿಲ್ಲದಿದ್ದರೂ ಉಪ್ಪು ಹೊರಬಂದು ಗೋಡೆಯಲ್ಲಿ ಬಿಳಿಚುಕ್ಕೆ ಮೂಡಿಸುತ್ತದೆ, ಗಿಲಾವನ್ನು ಉದುರಿಸುತ್ತದೆ.

ಕಟ್ಟುವ ಕ್ರಮ

ಒಂದು: ಎರಡೂ ಕಡೆಯ ಗೋಡೆಯನ್ನು ಪಾದದ ಮಟ್ಟಕ್ಕೆ ತಂದು, ನೀರುಮಟ್ಟದಿಂದ ಸರಿಗಟ್ಟಬೇಕು. ಪಾದಗಲ್ಲಿನ ಓರೆ ಮುಖ ನೇರವಾಗಿ ವೃತ್ತದ ಕೇಂದ್ರದತ್ತ ನೋಡಬೇಕು. ಅಡ್ಡಕ್ಕೆ ಮೂರು ಪಾಲು, ಲಂಬಕ್ಕೆ ನಾಲ್ಕು ಪಾಲು ಎಂಬ ಅಳತೆಯಿಂದ ಇದನ್ನು ಪರೀಕ್ಷಿಸಬಹುದು.

ಎರಡು: ಅಚ್ಚಿಗಾಗಿ ಪ್ಲೈವುಡ್ ಹಲಗೆಯಲ್ಲಿ ಎರಡು ಬಿಲ್ಲುಗಳನ್ನು ಕೊಯ್ದು, ನಡುವೆ ರೀಪು ಹೊಡೆದು, ಮೇಲೆ ತಗಡು ಅಥವಾ ತೆಳು ಹಲಗೆ ಹೊದಿಸಬೇಕು. ಹೊದಿಕೆಯ ದಪ್ಪವನ್ನು ತ್ರಿಜ್ಯದಿಂದ ಮೊದಲೇ ಕಳೆಯಬೇಕು. ಅಚ್ಚಿನ ಅಗಲ ಗೋಡೆಯ ದಪ್ಪಕ್ಕಿಂತ ಒಂದೆರಡು ಸೆಂ.ಮೀ. ಕಡಿಮೆ ಇದ್ದರೆ ದಾರ ಹಿಡಿಯಲು ಅಡ್ಡಿಯಾಗದು. ಅಚ್ಚಿನ ಪ್ರತಿಯೊಂದು ಊರುಗೋಲಿನ ಕೆಳಗೆ ಜೋಡಿ ಬೆಣೆಗಳನ್ನು ಇಡಲೇಬೇಕು. ಬೆಣೆಯಿಲ್ಲದ ಅಚ್ಚನ್ನು ತೆಗೆಯುವಾಗ ಸುತ್ತಿಗೆಯ ಪೆಟ್ಟು ಹಸಿ ಕಮಾನಿಗೆ ಬೀಳುತ್ತದೆ.

ಮೂರು: ಸಾಲುಗಳ ಗುರುತನ್ನು ಅಚ್ಚಿನ ಮೇಲೆ ಪೆನ್ಸಿಲಿನಿಂದ ಮೊದಲೇ ಹಾಕಿಕೊಳ್ಳಬೇಕು. ಕೇಂದ್ರದಲ್ಲಿ ಮೊಳೆ ಹೊಡೆದು ದಾರ ಕಟ್ಟಿ, ಪ್ರತಿ ಇಟ್ಟಿಗೆಯ ಸಂದೂ ಆ ದಾರದ ಗೆರೆಯಲ್ಲಿ ಬರುವಂತೆ ನೋಡಿಕೊಳ್ಳಬೇಕು. ಇಟ್ಟಿಗೆಯನ್ನು ಮುಂಚಿತವಾಗಿ ನೀರಿನಲ್ಲಿ ನೆನೆಸಿರಬೇಕು.

ನಾಲ್ಕು: ಎರಡೂ ಪಾದಗಳಿಂದ ಸಮನಾಗಿ ಮೇಲಕ್ಕೆ ಬರಬೇಕು. ಒಂದೇ ಕಡೆಯಿಂದ ಕಟ್ಟುತ್ತ ಹೋದರೆ ಅಚ್ಚು ವಾಲುತ್ತದೆ. ಸಂದುಗಳಲ್ಲಿ ಗಾರೆ ಪೂರ್ತಿ ತುಂಬಿರಬೇಕು. ಹೊರಗೆ ಮಾತ್ರ ಗಾರೆ ಕಾಣಿಸಿ ಒಳಗೆ ಪೊಳ್ಳಾದ ಸಂದು ಕಮಾನಿನ ಶತ್ರು. ನೆತ್ತಿಯ ಇಟ್ಟಿಗೆಯನ್ನು ಕೊನೆಯಲ್ಲಿ, ಗಾರೆ ಹಚ್ಚಿ, ಮರದ ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಕೂರಿಸಬೇಕು.

ಐದು: ಕಮಾನಿನ ಎರಡೂ ಹೆಗಲುಗಳ ಮೇಲೆ ಗೋಡೆಯನ್ನು ಸಮಸಮವಾಗಿ ಏರಿಸಬೇಕು. ಮೂಲೆಯ ಗೋಡೆಗೆ ಸಾಕಷ್ಟು ಭಾರ ಬಂದ ಮೇಲೆಯೇ ಅಚ್ಚು ತೆಗೆಯುವ ಮಾತು.

ಆರು: ಸಿಮೆಂಟ್ ಗಾರೆಯಾದರೆ ಕನಿಷ್ಠ ಏಳು ದಿನ, ಸುಣ್ಣದ ಪಾಲು ಹೆಚ್ಚಿದಷ್ಟೂ ಇನ್ನೂ ಹೆಚ್ಚು ದಿನ ಕಾದು, ನೀರುಣಿಸಿ, ಬೆಣೆಗಳನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಅಚ್ಚು ಒಂದು ಬೆರಳು ಇಳಿದ ಮೇಲೆ ಒಂದು ದಿನ ಹಾಗೆಯೇ ಬಿಟ್ಟು ಕಮಾನನ್ನು ಗಮನಿಸುವುದು ಒಳ್ಳೆಯ ಪದ್ಧತಿ. ನೆತ್ತಿಯ ಅಡಿಭಾಗದಲ್ಲಿ ಸಂದು ಬಾಯಿಬಿಟ್ಟಿದ್ದರೆ ಪಾದಗಳು ಹೊರಕ್ಕೆ ಸರಿದಿವೆಯೆಂದು ಅರ್ಥ. ಅಂತಹ ಬಿರುಕಿಗೆ ಗಾರೆ ಮೆತ್ತಿ ಮುಚ್ಚುವುದು ಪರಿಹಾರವಲ್ಲ. ಅಚ್ಚನ್ನು ಮತ್ತೆ ಬಿಗಿದು ಪಕ್ಕದ ಗೋಡೆಯನ್ನು ಬಲಪಡಿಸಬೇಕು.

ಮಳೆ ಮತ್ತು ಕಿಟಕಿಯ ಚೌಕಟ್ಟು

ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಪ್ರದೇಶದಲ್ಲಿ ಕಮಾನಿಗೆ ಎದುರಾಗುವ ಮೊದಲ ಆಕ್ಷೇಪ ಎರಚಲಿನದು. ಕಾಂಕ್ರೀಟ್ ಲಿಂಟಲ್‌ನೊಂದಿಗೆ ಸಜ್ಜೆಯೂ ಒಂದೇ ಎರಕದಲ್ಲಿ ಬಂದುಬಿಡುತ್ತದೆ. ಕಮಾನಿನಲ್ಲಿ ಆ ಸೌಲಭ್ಯವಿಲ್ಲ. ಮಾಡಿನ ಇಳಿಜಾರನ್ನು ಸಾಕಷ್ಟು ಹೊರಕ್ಕೆ ಚಾಚುವುದು, ಅಥವಾ ಮರದ ಆಧಾರದ ಮೇಲೆ ಹೆಂಚಿನ ಸಣ್ಣ ಮಾಡು ಹೊದಿಸುವುದು ಇದಕ್ಕೆ ಪರಿಹಾರ. ಎರಡನೆಯದು ಹೆಂಚಿನ ವ್ಯಾಪಾರಿಗಳಿಗೂ ಬಡಗಿಗಳಿಗೂ ಕೆಲಸ ಕೊಡುತ್ತದೆ.

ಬಾಗಿದ ಚೌಕಟ್ಟು ಮಾಡಿಸುವುದು ದುಬಾರಿಯೆಂಬುದು ಎರಡನೆಯ ಆಕ್ಷೇಪ. ಚೌಕಟ್ಟನ್ನು ಪಾದದ ಮಟ್ಟದವರೆಗೆ ಆಯತಾಕಾರದಲ್ಲಿಯೇ ಇಟ್ಟು, ಅದರ ಮೇಲಿನ ಬಿಲ್ಲಿನಾಕಾರದ ಭಾಗವನ್ನು ಗಾಜು, ಇಟ್ಟಿಗೆ ಜಾಲರಿ ಅಥವಾ ತೆಳುಗೋಡೆಯಿಂದ ಮುಚ್ಚಿದರೆ ಸಾಮಾನ್ಯ ಚೌಕಟ್ಟೇ ಸಾಕಾಗುತ್ತದೆ. ಆದರೆ ಕಮಾನಿನ ಭಾರ ಚೌಕಟ್ಟಿನ ಮೇಲೆ ಬೀಳದಂತೆ ನಡುವೆ ತೆರಪು ಬಿಡಬೇಕು.

ಕಮಾನು ಎಲ್ಲಿ ಬೇಡ

ಕಮಾನಿನ ಗುಣಗಳನ್ನು ಹೇಳುವಾಗ ಮಿತಿಗಳನ್ನು ಮುಚ್ಚಿಡುವುದು ವ್ಯಾಪಾರಧರ್ಮವಲ್ಲ. 2002ರಲ್ಲಿ ಪರಿಷ್ಕೃತವಾದ ಭೂಕಂಪ ನಕ್ಷೆಯಲ್ಲಿ ಉಡುಪಿ, ಮಂಗಳೂರು ಪ್ರದೇಶಗಳು ಮೂರನೆಯ ವಲಯದಲ್ಲಿ ಸೇರಿದವು. ಭೂಕಂಪ ನಿರೋಧಕ ನಿರ್ಮಾಣಕ್ಕೆ ಸಂಬಂಧಿಸಿದ ಐ.ಎಸ್. 4326 ಮಾನಕವು ತೆರಪುಗಳ ಮೇಲಿನ ಕಮಾನನ್ನು ದುರ್ಬಲ ಸ್ಥಾನವೆಂದು ಪರಿಗಣಿಸಿ, ಸಾಧ್ಯವಾದಷ್ಟು ತಪ್ಪಿಸಬೇಕೆಂದೂ, ಬಳಸುವುದಾದರೆ ಉಕ್ಕಿನ ಬಂಧ ನೀಡಬೇಕೆಂದೂ ಸೂಚಿಸುತ್ತದೆ. ಭೂಮಿ ಅಲುಗಿದಾಗ ಪಾದಗಳು ಸರಿಯುವ ಭಯವೇ ಇದಕ್ಕೆ ಕಾರಣ. ಆದ್ದರಿಂದ ಜಾರಿಯಲ್ಲಿರುವ ಮಾನಕವನ್ನು ಎಂಜಿನಿಯರರೊಡನೆ ಪರಿಶೀಲಿಸದೆ ಕಮಾನಿಗೆ ಕೈಹಾಕಬಾರದು.

ಎಂಜಿನಿಯರರು ಗೋಡೆಯ ಸುತ್ತ ಕಾಂಕ್ರೀಟ್ ಪಟ್ಟಿ ಬೇಕೆಂದರೆ ಅದನ್ನು ಕಮಾನಿನ ನೆತ್ತಿಯ ಮೇಲೆ ಒಯ್ಯಬಹುದು. ಆಗ ಕಮಾನು ಉಕ್ಕನ್ನು ಉಳಿಸುವುದಿಲ್ಲ, ಅಂದವನ್ನಷ್ಟೇ ಕೊಡುತ್ತದೆ. ಗ್ರಾಹಕನಿಗೆ ಹಾಗೆಯೇ ತಿಳಿಸಬೇಕು. ಪಾದದ ಮಟ್ಟದಲ್ಲಿ ಉಕ್ಕಿನ ಬಂಧ ಹಾಕುವುದಾದರೆ ಮತ್ತೆ ಉಪ್ಪುಗಾಳಿಯ ಪ್ರಶ್ನೆ ಎದುರಾಗುತ್ತದೆ. ತೀರದ ಸಮೀಪ ಸ್ಟೇನ್‌ಲೆಸ್ ಉಕ್ಕಿನ ಸರಳನ್ನು ಕಣ್ಣಿಗೆ ಕಾಣುವಂತೆ, ಬದಲಿಸಲು ಬರುವಂತೆ ಅಳವಡಿಸುವುದು ಮೇಲು.

ಮೂಲೆಗೆ ಅಂಟಿದ ಕಿಟಕಿಗಳು, ತೆಳುವಾದ ಒಂಬತ್ತು ಸೆಂ.ಮೀ. ಗೋಡೆಗಳು, ಮೆತ್ತನೆಯ ತುಂಬುಮಣ್ಣಿನ ಮೇಲೆ ನಿಂತ ಅಡಿಪಾಯಗಳು, ಮೇಲಂತಸ್ತಿನ ತೊಲೆಯ ಭಾರ ನೇರವಾಗಿ ತೆರಪಿನ ಮೇಲೆ ಬೀಳುವ ಸ್ಥಳಗಳು – ಇವುಗಳಲ್ಲಿ ಕಮಾನಿನ ಆಸೆ ಬಿಡುವುದೇ ಲೇಸು.

ವ್ಯವಹಾರದ ಲೆಕ್ಕ

120 ಸೆಂ.ಮೀ. ಕಿಟಕಿಗೆ ಎರಡೂ ಕಡೆ 15 ಸೆಂ.ಮೀ. ಆಧಾರ ಬಿಟ್ಟು ಎರಕ ಹೊಯ್ಯುವ ಲಿಂಟಲ್‌ಗೆ ಸುಮಾರು 0.045 ಘನ ಮೀಟರ್ ಕಾಂಕ್ರೀಟು ಮತ್ತು ಹೆಚ್ಚುಕಡಿಮೆ ಐದು ಕೆ.ಜಿ. ಉಕ್ಕು ಬೇಕು. ಅದರ ಜಾಗದಲ್ಲಿ ಕಮಾನು 30 ಬೆಣೆಯಿಟ್ಟಿಗೆಗಳನ್ನು ಬಯಸುತ್ತದೆ. ಸಾಮಗ್ರಿಯಲ್ಲಿ ಉಳಿತಾಯವಿದೆ, ಆದರೆ ಮೇಸ್ತ್ರಿಯ ಸಮಯ ಹೆಚ್ಚು ತಗಲುತ್ತದೆ. ಒಂದೇ ಕಿಟಕಿಗಾಗಿ ಅಚ್ಚು ಮಾಡಿಸಿದರೆ ಲಾಭವೆಲ್ಲ ಅದರಲ್ಲೇ ಕರಗುತ್ತದೆ. ಅದೇ ಅಚ್ಚು ಇಪ್ಪತ್ತು ಬಾರಿ ಬಳಕೆಯಾದರೆ ಒಂದು ಕಮಾನಿಗೆ ಬೀಳುವ ಅಚ್ಚಿನ ವೆಚ್ಚ ಇಪ್ಪತ್ತರಲ್ಲಿ ಒಂದು ಪಾಲು. ಹೀಗಾಗಿ ಕಮಾನಿನ ಲಾಭನಷ್ಟವನ್ನು ಬಹುಪಾಲು ನಿರ್ಧರಿಸುವುದು ಅಚ್ಚು ಎಷ್ಟು ಬಾರಿ ಬಳಕೆಯಾಗುತ್ತದೆ ಎಂಬುದು.

ಎಂಟು ಒಂದೇ ಅಳತೆಯ ಕಿಟಕಿಗಳಿರುವ ಮನೆಯೊಂದರಲ್ಲಿ ಪ್ರತಿ ಅಚ್ಚು ಎಂಟು ದಿನ (ಕಟ್ಟಲು ಒಂದು, ಕಾಯಲು ಏಳು) ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಅಚ್ಚುಗಳಿದ್ದರೆ ಕೆಲಸ 32 ದಿನ, ನಾಲ್ಕಿದ್ದರೆ 16 ದಿನ. ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವವರು 90, 120, 150 ಸೆಂ.ಮೀ. ಅಚ್ಚುಗಳನ್ನು ಕಬ್ಬಿಣದ ಪಟ್ಟಿಯಲ್ಲಿ ಮಾಡಿಸಿ, ಬಣ್ಣ ಹಚ್ಚಿ, ಬೆಣೆಗಳ ಸಹಿತ ದಿನದ ಲೆಕ್ಕದಲ್ಲಿ ಕೊಡಬಹುದು.

ಹೆಂಚು ಮತ್ತು ಇಟ್ಟಿಗೆಯ ಉದ್ಯಮಕ್ಕೆ ಇಲ್ಲಿ ಇನ್ನೊಂದು ದಾರಿಯಿದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಈ ಕರಾವಳಿಯ ಜೇಡಿಮಣ್ಣು ದೂರದ ಊರುಗಳಿಗೂ ಹೆಸರು ತಂದಿತು. ಮಲ್ಪೆಯಲ್ಲಿಯೂ ಮಿಷನ್ನಿನ ಕಾರ್ಖಾನೆ ನಡೆಯಿತು. ಕಾಂಕ್ರೀಟ್ ತಾರಸಿಗಳು ಬಂದ ಮೇಲೆ ಹಲವು ಕಾರ್ಖಾನೆಗಳು ಮುಚ್ಚಿದವು. ಉಳಿದವುಗಳಲ್ಲಿ ಮಣ್ಣನ್ನು ಒತ್ತಿ ಹೊರತಳ್ಳುವ ಯಂತ್ರವಿದ್ದರೆ ಅದರ ಬಾಯಿಯ ಅಚ್ಚನ್ನು ಬೆಣೆಯಾಕಾರಕ್ಕೆ ಬದಲಿಸಿ, ತಂತಿಯಿಂದ ತುಂಡರಿಸಿ, ಬೆಣೆಯಿಟ್ಟಿಗೆ ತಯಾರಿಸಬಹುದು. ಹೊಸ ಗೂಡು ಬೇಕಿಲ್ಲ, ಹೊಸ ಮಣ್ಣು ಬೇಕಿಲ್ಲ. ಒಣಗುವಾಗ ಮತ್ತು ಸುಡುವಾಗ ಮಣ್ಣು ಕುಗ್ಗುವ ಪ್ರಮಾಣವನ್ನು ಮಾತ್ರ ಅಚ್ಚಿನಲ್ಲಿ ಮೊದಲೇ ಸೇರಿಸಿಕೊಳ್ಳಬೇಕು. ಬಾಗಿದ ಕಾಲಂನಂತೆ ಕಾಣುವ ಪಾದದ ತುಂಡನ್ನೂ ಇದೇ ರೀತಿ ತಯಾರಿಸಿದರೆ ಮೂರು ಅಚ್ಚು, ಒಂದು ಬೆಣೆಯಿಟ್ಟಿಗೆ, ಒಂದು ಪಾದದ ತುಂಡು – ಇಷ್ಟು ಸಾಮಗ್ರಿಯಿಂದ ಇಡೀ ಸರಣಿ ಪೂರ್ಣವಾಗುತ್ತದೆ.

ಕೊಲ್ಲಿಯ ಆಚೆಯಿಂದ ಹಣ ತಂದು ಊರಲ್ಲಿ ಮನೆ ಕಟ್ಟುವವರೂ, ಹಳೆಯ ಶೈಲಿಯ ಅತಿಥಿಗೃಹ ನಡೆಸುವವರೂ ಗಿಲಾವಿಲ್ಲದ ಮುರಕಲ್ಲು ಇಟ್ಟಿಗೆಗಳ ಗೋಡೆಯನ್ನು ಇಷ್ಟಪಡುವುದುಂಟು. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವು ಹಳೆಯ ಮನೆಗಳ ಬಗ್ಗೆ ಜನರಲ್ಲಿ ಗೌರವ ಬೆಳೆಸಿದೆ. ಕೇರಳದಲ್ಲಿ ಲಾರಿ ಬೇಕರ್ (1917–2007) ಗಿಲಾವಿಲ್ಲದ ಇಟ್ಟಿಗೆ ಮತ್ತು ಕಮಾನುಗಳಿಂದ ಮಿತವ್ಯಯದ ಮನೆಗಳನ್ನು ಕಟ್ಟಿ ತೋರಿಸಿದರು. ಬೇಡಿಕೆ ಇಲ್ಲವೆನ್ನುವಂತಿಲ್ಲ. ಕೊರತೆಯಿರುವುದು ಕಮಾನು ಬಲ್ಲ ಮೇಸ್ತ್ರಿಗಳದು. ಹಳೆಯ ಮೇಸ್ತ್ರಿಗಳ ಕೈಚಳಕ ಬಹುತೇಕ ಬರವಣಿಗೆಗೆ ಇಳಿಯದೆಯೇ ಉಳಿದಿದೆ. ಅವರು ಕೆಲಸದಿಂದ ನಿವೃತ್ತರಾದಂತೆ ಅದು ಅವರೊಂದಿಗೇ ಹೋಗುತ್ತದೆ. ಸಾಮಗ್ರಿ ಮಾರುವ ಅಂಗಡಿಯ ಅಂಗಳದಲ್ಲಿಯೇ ಒಂದು ಮಾದರಿ ಕಮಾನನ್ನು ಅಂತಹ ಮೇಸ್ತ್ರಿಯೊಬ್ಬರಿಂದ ಕಟ್ಟಿಸಿ, ಯುವ ಕೆಲಸಗಾರರನ್ನು ಅವರ ಕೈಕೆಳಗೆ ನಿಲ್ಲಿಸಿದರೆ ತರಬೇತಿಯೂ ಆಯಿತು, ಗ್ರಾಹಕರಿಗೆ ಪ್ರದರ್ಶನವೂ ಆಯಿತು.

ಆರಂಭಿಸುವವರು ಮೊದಲು ತೋಟದ ಬಾವಿಕಟ್ಟೆಯ ಪಂಪ್ ಮನೆ, ಆವರಣದ ಬಾಗಿಲು, ಗೋದಾಮಿನ ಗಾಳಿಕಿಂಡಿಗಳಂತಹ ಸಣ್ಣ ತೆರಪುಗಳನ್ನು ಆರಿಸಿಕೊಳ್ಳುವುದು ವಿವೇಕ. ಅಲ್ಲಿಯೂ ಇಟ್ಟಿಗೆ ಖರೀದಿಗೆ ಮೊದಲು ಪಕ್ಕದ ಗೋಡೆಯನ್ನು ಅಳೆಯಬೇಕು, ಅಚ್ಚು ಎಷ್ಟು ಬಾರಿ ಬಳಕೆಯಾದೀತೆಂದು ಎಣಿಸಬೇಕು. ಈ ಎರಡು ಲೆಕ್ಕಗಳು ಸರಿಹೊಂದಿದರೆ ಕಮಾನು ಕಟ್ಟಿಸಿದವರಿಗೂ ಕಟ್ಟಿದವರಿಗೂ ನಷ್ಟದ ಬಾಬತ್ತಾಗುವುದಿಲ್ಲ.